ತಲೆಕೆಳಗಾಗಿ ತೂಗಿದ ದೇವದೂತ

ರೋಮನ್ನರ ದೇವರು ನಮ್ಮ ಕಡೆ ಸಿಕ್ಕಿದ್ದುಂಟೇ ಎಂದರೆ ಪಂಡಿತರು ಕೊಲ್ಲಾಪುರದತ್ತ ಕೈ ತೋರಿಸುತ್ತಾರೆ. ಅಲ್ಲಿನ ಬ್ರಹ್ಮಪುರಿ ದಿಬ್ಬದಲ್ಲಿ ಕಡಲ ದೇವರು ಪೊಸೈಡನ್ನನ ಪುಟ್ಟ ಕಂಚಿನ ಮೂರ್ತಿ ಸಿಕ್ಕಿತ್ತು. ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿಗೆ ಬಂದ ದೇವರು ಮಾತ್ರ ಬಂಗಾರದ ನಾಣ್ಯದ ಬೆನ್ನೇರಿ ಬಂದದ್ದು.

ಅಕ್ಕಿಆಲೂರಿನ ನಿಧಿಯಲ್ಲಿದ್ದದ್ದು ನಲವತ್ತಕ್ಕೂ ಹೆಚ್ಚು ಬಂಗಾರದ ನಾಣ್ಯ. ಎರಡನೇ ಥಿಯೋಡೋಸಿಯಸ್ (402–450), ಒಂದನೇ ಜಸ್ಟಿನ್ (518–527) ಮೊದಲಾದ ಪೂರ್ವ ರೋಮಿನ ದೊರೆಗಳ ನಾಣ್ಯಗಳು ಅದರಲ್ಲಿವೆ. ಅವರು ಕಾನ್‌ಸ್ಟಾಂಟಿನೋಪಲಿನಲ್ಲಿದ್ದಾಗ ಈ ಸೀಮೆ ಬನವಾಸಿಯ ಕದಂಬರದು. ನಾಣ್ಯದ ಹೆಸರು ಸಾಲಿಡಸ್. ತೂಕ ಸುಮಾರು ನಾಲ್ಕೂವರೆ ಗ್ರಾಂ. ಒಂದು ರೋಮನ್ ಪೌಂಡು ಬಂಗಾರಕ್ಕೆ 72 ನಾಣ್ಯ.

ಮುಂದೆ ದೊರೆಯ ಮುಖ, ಹಿಂದೆ ಧರ್ಮ. ಹಳೆಯ ರೋಮಿನ ರೆಕ್ಕೆಯ ವಿಜಯದೇವತೆಯನ್ನು ಕ್ರೈಸ್ತ ದೊರೆಗಳು ಒಮ್ಮೆಲೇ ಓಡಿಸಲಿಲ್ಲ. ಥಿಯೋಡೋಸಿಯಸ್‌ನ ಟಂಕಸಾಲೆ ಅವಳ ಕೈಗೆ ಉದ್ದನೆಯ ಶಿಲುಬೆ ಕೊಟ್ಟಿತು. ನೂರು ವರ್ಷ ಕಳೆದು ಜಸ್ಟಿನ್ ಬಂದಾಗ ಅವಳ ಜಾಗದಲ್ಲಿ ಗಂಡು ದೇವದೂತ ನಿಂತ. ರೆಕ್ಕೆ ಮಾತ್ರ ಹಾಗೇ ಉಳಿಯಿತು!

ಅಕ್ಕಿಆಲೂರಿನ ಕೆಲವು ನಾಣ್ಯಗಳಿಗೆ ತೂತು ಕೊರೆದಿದ್ದಾರೆ: ದೊರೆಯ ನೆತ್ತಿಯ ಮೇಲೆ, ಅಕ್ಕಪಕ್ಕ ಎರಡು. ನನಗೆ ಇಡೀ ನಿಧಿಗಿಂತ ಈ ತೂತುಗಳೇ ದೊಡ್ಡ ಸಾಕ್ಷಿ. ಜೇಬಿನಲ್ಲಿ ರೂಪಾಯಿ ಇದ್ದರೆ ಪುಟ ಮಗುಚಿದಂತೆ ತಿರುಗಿಸಿ ನೋಡಿ, ಹಿಂಬದಿಯೂ ನೆಟ್ಟಗಿರುತ್ತದೆ. ಸಾಲಿಡಸ್‌ಗಳಲ್ಲಿ ಸಾಮಾನ್ಯವಾಗಿ ಹಾಗಲ್ಲ. ಎರಡು ಅಚ್ಚುಗಳನ್ನು ಎದುರುಬದುರು ದಿಕ್ಕಿಗಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದುದರಿಂದ ಮುಂದಿನ ತಲೆಯ ಬೆನ್ನಿಗೆ ಹಿಂದಿನ ಕಾಲು ಬರುತ್ತದೆ. ಅಂದರೆ ದಾರಕ್ಕೆ ಪೋಣಿಸಿದಾಗ ದೊರೆ ನೆಟ್ಟಗೆ ಕೂತ, ಅವನ ಬೆನ್ನಿಗಿದ್ದ ಶಿಲುಬೆ ತಲೆಕೆಳಗಾಗಿ ಮೈಗೆ ತಾಗಿತು. ಕೊರಳಿಗೆ ಹಾಕಿಕೊಂಡವರಿಗೆ ಬೇಕಾಗಿದ್ದದ್ದು ಮುಖ. ಶಿಲುಬೆಯನ್ನು ಅವರು ಪೂಜಿಸಿದಂತಿಲ್ಲ. ಎರಡು ತೂತು ಯಾಕೆಂದರೆ, ಒಂದೇ ಇದ್ದರೆ ನಾಣ್ಯ ದಾರದ ಮೇಲೆ ಗಿರಗಿರ ತಿರುಗಿ ಬೆನ್ನು ತೋರಿಸಿಬಿಡುತ್ತದೆ. ಆ ಅಕ್ಕಸಾಲಿಗನಿಗೆ ಕೆಲಸ ಗೊತ್ತಿತ್ತು.

ನಮ್ಮ ಕಡೆಯ ಹೆಂಗಸರಿಗೆ ಇದು ಹೊಸದೇನಲ್ಲ. ಪುತಳಿ ಸರದ ಪುತಳಿಯೂ ಮೂಲದಲ್ಲಿ ವೆನಿಸ್ಸಿನ ಡಕ್ಯಾಟ್ ನಾಣ್ಯ. ಅದರ ಒಂದು ಬದಿಗೆ ಯೇಸು, ಇನ್ನೊಂದಕ್ಕೆ ಸಂತ ಮಾರ್ಕನ ಮುಂದೆ ಮಂಡಿಯೂರಿದ ದೊರೆ. ಇಲ್ಲಿಯವರು ಅದರಲ್ಲಿ ಕಂಡದ್ದು ಬರೀ ಗೊಂಬೆ. ಹೆಸರೂ ಹಾಗೇ ಬಿತ್ತು.