ಆಪ್ಟೊಮೆಟ್ರಿಸ್ಟರು ಕಣ್ಣಿನ ರೋಗಕ್ಕೆ ಔಷಧಿ ನೀಡಬಹುದೇ? ಕಾನೂನಿನ ಸ್ಥಿತಿ ಮತ್ತು ಗ್ರಾಮ ಪಂಚಾಯತ್‌ನ ಹೊಣೆ

ಮಾನ್ಯ ಗ್ರಾಮ ಪಂಚಾಯತ್ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗಾಗಿ

ಕಟಾವಿನ ಕಾಲದಲ್ಲಿ ಭತ್ತದ ತೆನೆಯ ಮೊನೆ ತಾಗಿ ಕಣ್ಣಿಗೆ ಗಾಯವಾಗುವುದು ನಮ್ಮ ಗ್ರಾಮಗಳಲ್ಲಿ ಅಪರೂಪವಲ್ಲ. ಕಾರ್ಕಳದ ಕಲ್ಲು ಕೆಲಸಗಾರರ ಕಣ್ಣಿಗೆ ಕಲ್ಲಿನ ಚೂರು ಸಿಡಿಯುವುದೂ ಉಂಟು. ಹೀಗೆ ಗಾಯಗೊಂಡವರಲ್ಲಿ ಅನೇಕರು ಮೊದಲು ಹೋಗುವುದು ಆಸ್ಪತ್ರೆಗಲ್ಲ, ಹತ್ತಿರದ ಔಷಧಿ ಅಂಗಡಿಗೆ ಅಥವಾ ಕನ್ನಡಕದ ಅಂಗಡಿಗೆ. ಅಲ್ಲಿ ದೊರೆತ ಹನಿಯಲ್ಲಿ ಸ್ಟೆರಾಯ್ಡ್ ಇದ್ದರೆ ಒಂದೆರಡು ದಿನ ನೋವು ಮತ್ತು ಕೆಂಪು ಕಡಿಮೆಯಾದಂತೆ ತೋರುತ್ತದೆ. ಆದರೆ ಗಾಯದಲ್ಲಿ ಶಿಲೀಂಧ್ರದ ಸೋಂಕು ಇದ್ದಲ್ಲಿ ಅದೇ ಹನಿಯಿಂದ ಸೋಂಕು ಉಲ್ಬಣಿಸಿ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಶಾಶ್ವತವಾದ ಬಿಳಿ ಕಲೆ ಉಳಿಯಬಹುದು, ದೃಷ್ಟಿಯೇ ನಷ್ಟವಾಗಬಹುದು.

ಆದುದರಿಂದ ಕಣ್ಣಿನ ಔಷಧಿಯನ್ನು ಬರೆದುಕೊಡುವ ಅಧಿಕಾರ ಯಾರಿಗಿದೆ ಎಂಬುದು ಕೇವಲ ವೃತ್ತಿಗಳ ನಡುವಿನ ವಿವಾದವಲ್ಲ. ಆಪ್ಟೊಮೆಟ್ರಿಸ್ಟರಿಗೆ ಈ ಅಧಿಕಾರವನ್ನು ವಿಸ್ತರಿಸಬೇಕೆಂಬ ಬೇಡಿಕೆ ಅನೇಕ ದೇಶಗಳಲ್ಲಿ ಚರ್ಚೆಗೆ ಬಂದಿದ್ದು, ಕೆಲವೆಡೆ ಕಾನೂನಾಗಿಯೂ ರೂಪುಗೊಂಡಿದೆ. ಈ ವಿಷಯದಲ್ಲಿ ನಮ್ಮ ದೇಶದ ಕಾನೂನಿನ ಸ್ಥಿತಿಯನ್ನು ಸದಸ್ಯರು ತಿಳಿದಿರುವುದು ಅವಶ್ಯಕ.

1. ಯಾರು, ಯಾವ ಕೆಲಸಕ್ಕೆ?

ನೇತ್ರ ವೈದ್ಯರು ಎಂ.ಬಿ.ಬಿ.ಎಸ್. ಪದವಿಯ ನಂತರ ನೇತ್ರ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದವರು. ರೋಗ ನಿರ್ಣಯ, ಔಷಧಿ ಹಾಗೂ ಶಸ್ತ್ರಚಿಕಿತ್ಸೆ ಮೂರೂ ಅವರ ವ್ಯಾಪ್ತಿಗೆ ಬರುತ್ತವೆ.

ಆಪ್ಟೊಮೆಟ್ರಿಸ್ಟರು ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಗಳ ಪದವಿ ಪಡೆದವರು. ದೃಷ್ಟಿ ಪರೀಕ್ಷೆ, ಕನ್ನಡಕದ ಸಂಖ್ಯೆ ನಿಗದಿ, ಕಣ್ಣಿನ ಒಳ ಒತ್ತಡದ ಮಾಪನ ಹಾಗೂ ರೋಗದ ಲಕ್ಷಣ ಗುರುತಿಸಿ ವೈದ್ಯರಲ್ಲಿಗೆ ಕಳುಹಿಸುವುದು ಅವರ ಕೆಲಸ. ಈ ಪದವಿಯ ಶಿಕ್ಷಣ ನಮ್ಮ ಜಿಲ್ಲೆಯ ಮಣಿಪಾಲದಲ್ಲಿಯೇ ಲಭ್ಯವಿದೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ದೃಷ್ಟಿ ಪರೀಕ್ಷೆ ನಡೆಸುವ ನೇತ್ರಾಧಿಕಾರಿಗಳು ಬೇರೆ. ಕನ್ನಡಕ ತಯಾರಿಸಿ ಮಾರುವ ಅಂಗಡಿಯವರು ಇನ್ನೂ ಬೇರೆ. ಅಂಗಡಿಯಲ್ಲಿ ಪರೀಕ್ಷಾ ಯಂತ್ರವಿದೆ ಎಂದ ಮಾತ್ರಕ್ಕೆ ಅಲ್ಲಿರುವವರು ಆಪ್ಟೊಮೆಟ್ರಿಸ್ಟರಾಗುವುದಿಲ್ಲ.

2. ಈಗಿನ ಕಾನೂನು

ಬಹುಕಾಲ ನಮ್ಮ ದೇಶದಲ್ಲಿ ಆಪ್ಟೊಮೆಟ್ರಿ ವೃತ್ತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಕಾನೂನು ಇರಲಿಲ್ಲ. 2021ರ ಮಾರ್ಚ್‌ನಲ್ಲಿ ಸಂಸತ್ತು ಅಂಗೀಕರಿಸಿದ ‘ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ’ಯು ಆಪ್ಟೊಮೆಟ್ರಿಸ್ಟರನ್ನು ತನ್ನ ಅನುಸೂಚಿಯಲ್ಲಿ ಸೇರಿಸಿತು. ಶಿಕ್ಷಣದ ಮಟ್ಟ ನಿಗದಿ, ರಾಜ್ಯ ಪರಿಷತ್ತಿನ ರಚನೆ ಮತ್ತು ವೃತ್ತಿನಿರತರ ನೋಂದಣಿ ಈ ಕಾಯ್ದೆಯ ಮುಖ್ಯ ಅಂಶಗಳು. ಇದರಿಂದ ವೃತ್ತಿಗೆ ಮಾನ್ಯತೆ ದೊರೆಯಿತು. ಆದರೆ ಆಪ್ಟೊಮೆಟ್ರಿಸ್ಟರು ಸ್ವತಂತ್ರವಾಗಿ ಬರೆಯಬಹುದಾದ ಔಷಧಿಗಳ ಪಟ್ಟಿ ಕಾಯ್ದೆಯಲ್ಲಿಲ್ಲ. ಮಾನ್ಯತೆ ಮತ್ತು ಚಿಕಿತ್ಸಾ ಅಧಿಕಾರ ಒಂದೇ ಅಲ್ಲ ಎಂಬುದನ್ನು ಗಮನಿಸಬೇಕು.

ಔಷಧಿಗಳ ವಿಷಯದಲ್ಲಿ 1945ರ ಔಷಧ ನಿಯಮಗಳು ಅನ್ವಯಿಸುತ್ತವೆ. ಸ್ಟೆರಾಯ್ಡ್ ಹನಿಗಳು ಹಾಗೂ ಪ್ರತಿಜೀವಕ ಹನಿಗಳಲ್ಲಿ ಬಹುಪಾಲು ಅನುಸೂಚಿ ಎಚ್ ಅಥವಾ ಎಚ್-1ರಲ್ಲಿ ಸೇರಿವೆ. ಇವುಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಪ್ರಕರಣದ ಪ್ರಕಾರ, ಅರ್ಹತೆಯಿಲ್ಲದೆ ವೈದ್ಯ ವೃತ್ತಿ ನಡೆಸುವವರಿಗೆ ಒಂದು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಅದೇ ಕಾಯ್ದೆಯ 32ನೇ ಪ್ರಕರಣವು ‘ಸಮುದಾಯ ಆರೋಗ್ಯ ಪೂರೈಕೆದಾರ’ರಿಗೆ ಸೀಮಿತ ಪರವಾನಗಿ ನೀಡಲು ಅವಕಾಶ ಕಲ್ಪಿಸಿದೆ. ಪ್ರಾಥಮಿಕ ಮತ್ತು ರೋಗ ತಡೆಯ ಹಂತದಲ್ಲಿ ನಿರ್ದಿಷ್ಟ ಔಷಧಿಗಳನ್ನು ಮಾತ್ರ ಇವರು ಸ್ವತಂತ್ರವಾಗಿ ಬರೆಯಬಹುದು. ವೈದ್ಯರಲ್ಲದವರಿಗೆ ಮಿತಿಗೊಳಪಟ್ಟ ಅಧಿಕಾರ ನೀಡುವ ಕಲ್ಪನೆ ನಮ್ಮ ಕಾನೂನಿಗೆ ಹೊರತಾದುದಲ್ಲ ಎಂಬುದಕ್ಕೆ ಇದು ನಿದರ್ಶನ. ಆದರೆ ಈ ಪ್ರಕರಣದಿಂದ ಆಪ್ಟೊಮೆಟ್ರಿಸ್ಟರಿಗೆ ತಾನಾಗಿ ಯಾವ ಅಧಿಕಾರವೂ ಪ್ರಾಪ್ತವಾಗುವುದಿಲ್ಲ.

3. ಇತರ ದೇಶಗಳ ಅನುಭವ

ಅಮೆರಿಕದ ರೋಡ್ ಐಲೆಂಡ್ ರಾಜ್ಯವು 1971ರಲ್ಲಿ ಪರೀಕ್ಷೆಗೆ ಬೇಕಾದ ಹನಿಗಳನ್ನು ಬಳಸಲು ಆಪ್ಟೊಮೆಟ್ರಿಸ್ಟರಿಗೆ ಅನುಮತಿ ನೀಡಿತು. 1976ರಲ್ಲಿ ವೆಸ್ಟ್ ವರ್ಜೀನಿಯಾ ಚಿಕಿತ್ಸೆಯ ಔಷಧಿಗಳಿಗೂ ಅವಕಾಶ ಕೊಟ್ಟಿತು. 1998ರಲ್ಲಿ ಒಕ್ಲಹೋಮ ಕೆಲವು ಲೇಸರ್ ಚಿಕಿತ್ಸೆಗಳನ್ನೂ ಸೇರಿಸಿತು. ಬ್ರಿಟನ್‌ನಲ್ಲಿ 2008ರಿಂದ ಸ್ವತಂತ್ರವಾಗಿ ಔಷಧಿ ಬರೆಯುವ ಅವಕಾಶವಿದೆ. ಆದರೆ ಅದು ಎಲ್ಲರಿಗೂ ಅಲ್ಲ. ಹೆಚ್ಚುವರಿ ವ್ಯಾಸಂಗ, ಮೇಲ್ವಿಚಾರಣೆಯಲ್ಲಿ ಆಸ್ಪತ್ರೆ ತರಬೇತಿ ಮತ್ತು ಪರೀಕ್ಷೆ ಮುಗಿಸಿದವರಿಗೆ ಮಾತ್ರ. ಪರೀಕ್ಷೆಯ ಹನಿ, ಚಿಕಿತ್ಸೆಯ ಹನಿ, ಲೇಸರ್ ಈ ಮೂರು ಬೇರೆ ಬೇರೆ ಮೆಟ್ಟಿಲುಗಳು. ಮೊದಲನೆಯದನ್ನು ಒಪ್ಪಿದವರು ಮೂರನೆಯದನ್ನೂ ಒಪ್ಪಲೇಬೇಕೆಂದಿಲ್ಲ.

4. ಪರ ಮತ್ತು ವಿರೋಧ

ವಿಸ್ತರಣೆಯ ಪರವಾದ ವಾದಕ್ಕೆ ದೂರವೇ ಆಧಾರ. ಕಾಪು ಪೇಟೆಯಿಂದ ಉಡುಪಿ ಹತ್ತಿರ. ಕಾರ್ಕಳದಿಂದ ಮಣಿಪಾಲಕ್ಕೆ ಸುಮಾರು 35 ಕಿ.ಮೀ. ಆದರೆ ಘಟ್ಟದ ತಪ್ಪಲಿನ ಮಾಳ, ಈದು ಮುಂತಾದ ಗ್ರಾಮಗಳ ಕೂಲಿಕಾರರಿಗೆ ನೇತ್ರ ವೈದ್ಯರ ಭೇಟಿಯೆಂದರೆ ಒಂದು ದಿನದ ಸಂಬಳದ ನಷ್ಟ. ಸಾಮಾನ್ಯ ಕೆಂಗಣ್ಣು, ಕಣ್ಣಿನ ಅಲರ್ಜಿಯಂತಹ ತೊಂದರೆಗಳಿಗೆ ತರಬೇತಿ ಪಡೆದ ಆಪ್ಟೊಮೆಟ್ರಿಸ್ಟರು ಸಮೀಪದಲ್ಲಿಯೇ ಚಿಕಿತ್ಸೆ ನೀಡಿದರೆ, ಜನರು ಅರ್ಹತೆಯೇ ಇಲ್ಲದವರಿಂದ ಹನಿ ಕೊಳ್ಳುವುದು ತಪ್ಪುತ್ತದೆ ಎಂಬುದು ಅವರ ನಿಲುವು.

ವಿರೋಧದ ವಾದವೂ ಅಷ್ಟೇ ತೂಕದ್ದು. ಕೆಂಪಾದ ಕಣ್ಣುಗಳೆಲ್ಲ ಕೆಂಗಣ್ಣಿನ ಬೇನೆಯಲ್ಲ. ಗ್ಲಾಕೋಮಾದ ತೀವ್ರ ರೂಪ, ಕಾರ್ನಿಯಾದ ಹುಣ್ಣು, ಕಣ್ಣಿನ ಒಳಭಾಗದ ಉರಿಯೂತ ಇವು ಕೂಡ ಕೆಂಪಾಗಿಯೇ ಆರಂಭವಾಗುತ್ತವೆ. ಸ್ಟೆರಾಯ್ಡ್ ಹನಿಯನ್ನು ದೀರ್ಘಕಾಲ ಬಳಸಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿ ನರಕ್ಕೆ ಹಾನಿಯಾಗುತ್ತದೆ, ಪೊರೆಯೂ ಬರಬಹುದು. ಹೀಗೆ ಕಳೆದುಹೋದ ನರದ ಶಕ್ತಿ ಯಾವ ಚಿಕಿತ್ಸೆಯಿಂದಲೂ ಮರಳುವುದಿಲ್ಲ.

ಎರಡೂ ಪಕ್ಷಗಳು ಒಪ್ಪುವ ಒಂದು ಅಂಶವಿದೆ. ರೋಗವನ್ನು ಬೇಗ ಗುರುತಿಸಿ ಸರಿಯಾದ ಕಡೆಗೆ ಕಳುಹಿಸುವ ಕೆಲಸಕ್ಕೆ ಆಪ್ಟೊಮೆಟ್ರಿಸ್ಟರು ಅತ್ಯಗತ್ಯ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ವರ್ಷ ಮೀರಿದವರ ಅಂಧತ್ವದಲ್ಲಿ ಶೇ. 66.2ರಷ್ಟಕ್ಕೆ ಕಾರಣ ಕಣ್ಣಿನ ಪೊರೆ. ಪೊರೆಗೆ ಹನಿಯಿಂದ ಪರಿಹಾರವಿಲ್ಲ, ಶಸ್ತ್ರಚಿಕಿತ್ಸೆಯೇ ಬೇಕು. ಅಂದರೆ ನಮ್ಮ ಅಂಧತ್ವದ ದೊಡ್ಡ ಪಾಲನ್ನು ಕಡಿಮೆ ಮಾಡಲು ಹೊಸ ಅಧಿಕಾರಕ್ಕಾಗಿ ಕಾಯಬೇಕಾಗಿಲ್ಲ. ಇರುವ ಅಧಿಕಾರದೊಳಗೆ ತಪಾಸಣೆಯನ್ನು ಮನೆಬಾಗಿಲಿಗೆ ತಲುಪಿಸಿದರೆ ಸಾಕು. ಔಷಧಿಯ ಅಧಿಕಾರದ ತೀರ್ಮಾನ ಕೇಂದ್ರ ಹಾಗೂ ರಾಜ್ಯ ಸರ್ಕಾರಗಳಿಗೆ ಸೇರಿದ್ದು. ತಪಾಸಣೆಯ ಏರ್ಪಾಡಿನಲ್ಲಿ ಗ್ರಾಮ ಪಂಚಾಯತ್‌ನ ಪಾತ್ರ ನೇರವಾದುದು.

5. ಗ್ರಾಮ ಪಂಚಾಯತ್‌ಗಳು ಕೈಗೊಳ್ಳಬಹುದಾದ ಕ್ರಮಗಳು

(ಅ) ಕನ್ನಡಕದ ಅಂಗಡಿಗೆ ಪಂಚಾಯತ್ ನೀಡುವುದು ವ್ಯಾಪಾರ ಪರವಾನಗಿ ಮಾತ್ರ. ಅದು ಚಿಕಿತ್ಸೆಗೆ ಅನುಮತಿಯಲ್ಲ ಎಂಬುದನ್ನು ಅರ್ಜಿದಾರರಿಗೆ ಸ್ಪಷ್ಟಪಡಿಸುವುದು. ‘ಕಣ್ಣಿನ ಆಸ್ಪತ್ರೆ’, ‘ಡಾಕ್ಟರ್’ ಎಂಬ ಫಲಕಗಳ ಬಗ್ಗೆ ಸಂಶಯವಿದ್ದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು.

(ಆ) ನೇತ್ರ ತಪಾಸಣಾ ಶಿಬಿರಕ್ಕೆ ಪಂಚಾಯತ್ ಸಭಾಂಗಣ ಅಥವಾ ಶಾಲೆಯನ್ನು ಒದಗಿಸುವ ಮುನ್ನ, ಪರೀಕ್ಷೆ ನಡೆಸುವವರ ವಿದ್ಯಾರ್ಹತೆ ಹಾಗೂ ಜವಾಬ್ದಾರಿ ಹೊರುವ ನೇತ್ರ ವೈದ್ಯರ ಹೆಸರನ್ನು ಲಿಖಿತವಾಗಿ ಪಡೆಯುವುದು.

(ಇ) ಶಿಬಿರದಲ್ಲಿ ಮುಂದಿನ ಚಿಕಿತ್ಸೆಗೆ ಸೂಚಿಸಲ್ಪಟ್ಟವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಅನುಸರಿಸಿ, ಅವರು ಆಸ್ಪತ್ರೆಗೆ ತಲುಪಿದರೇ ಎಂಬುದನ್ನು ಒಂದು ತಿಂಗಳೊಳಗೆ ಪರಿಶೀಲಿಸುವುದು. ಕನ್ನಡಕ ವಿತರಿಸಿದಲ್ಲಿಗೆ ಶಿಬಿರ ಮುಗಿಯುವುದಿಲ್ಲ.

(ಈ) ಮಧುಮೇಹ ಇರುವವರು ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದನ್ನು ಗ್ರಾಮ ಸಭೆಯಲ್ಲಿ ತಿಳಿಸುವುದು.

(ಉ) ಕಣ್ಣಿಗೆ ಸುಣ್ಣ ಅಥವಾ ರಾಸಾಯನಿಕ ಬಿದ್ದರೆ ಆ ಕ್ಷಣದಿಂದಲೇ ಶುದ್ಧ ನೀರಿನಿಂದ ಧಾರಾಳವಾಗಿ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು. ಎದೆಹಾಲು, ಎಲೆಯ ರಸ, ಹಳೆಯ ಹನಿ ಇವುಗಳನ್ನು ಹಾಕಬಾರದು. ಈ ಸೂಚನೆಯನ್ನು ಅಂಗನವಾಡಿ ಮತ್ತು ಗ್ರಂಥಾಲಯದ ಫಲಕಗಳಲ್ಲಿ ಪ್ರಕಟಿಸುವುದು.

(ಊ) ಕಣ್ಣು ಕೆಂಪಾಗಿ ನೋವು, ಮಂಜು, ಬೆಳಕು ಸಹಿಸಲಾಗದಿರುವುದು ಅಥವಾ ಗಾಯ ಇದ್ದಲ್ಲಿ ಅದೇ ದಿನ ನೇತ್ರ ವೈದ್ಯರನ್ನು ಕಾಣುವಂತೆ ಸಲಹೆ ನೀಡುವುದು.

ಆಪ್ಟೊಮೆಟ್ರಿಸ್ಟರ ಅಧಿಕಾರ ಮುಂದೆ ವಿಸ್ತರಣೆಯಾದರೂ ಆಗದಿದ್ದರೂ, ಗಾಯಗೊಂಡ ಕಣ್ಣು ಸಕಾಲದಲ್ಲಿ ಅರ್ಹರ ಮುಂದೆ ತಲುಪಬೇಕೆಂಬ ಅಗತ್ಯ ಬದಲಾಗದು. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಿ ಚರ್ಚಿಸುವಂತೆ ಕೋರಲಾಗಿದೆ.