ಸುಟ್ಟು ಅಳೆಯುವ ಕೋಶ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿದ್ದಾಗ ಮೈಯ ಅಷ್ಟೂ ರಕ್ತದಲ್ಲಿ ಇರುವ ಗ್ಲೂಕೋಸ್ ಒಂದು ಚಮಚದಷ್ಟು, ಸುಮಾರು 5 ಗ್ರಾಂ. ಮಿದುಳೊಂದಕ್ಕೇ ದಿನಕ್ಕೆ 120 ಗ್ರಾಂನಷ್ಟು ಬೇಕು. ಒಂದು ತಟ್ಟೆ ಅನ್ನ ಉಂಡರೆ ಆ ಚಮಚದ ಹತ್ತು ಪಟ್ಟಿಗೂ ಹೆಚ್ಚು ಗ್ಲೂಕೋಸ್ ಕೆಲವೇ ತಾಸುಗಳಲ್ಲಿ ಕರುಳಿನಿಂದ ರಕ್ತಕ್ಕೆ ಇಳಿಯುತ್ತದೆ. ಇಷ್ಟಾಗಿಯೂ ಆರೋಗ್ಯವಂತರ ಸಕ್ಕರೆ ಊಟವಾದ ಎರಡು ತಾಸಿಗೆ ಡೆಸಿಲೀಟರಿಗೆ 140 ಮಿಲಿಗ್ರಾಂನ ಕೆಳಗೇ ಇರುತ್ತದೆ.

ಈ ಲೆಕ್ಕ ನೋಡಿಕೊಳ್ಳುವವು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸುರಿಸುವ ಬೀಟಾ ಕೋಶಗಳು. ಅವು ಗುಂಪುಗುಂಪಾಗಿ ಚದುರಿ ಕೂತಿರುವುದನ್ನು 1869ರಲ್ಲಿ ಜರ್ಮನಿಯ ವೈದ್ಯ ವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹ್ಯಾನ್ಸ್ ಮೊದಲು ಕಂಡ. ಅವನ ಹೆಸರು ಹೊತ್ತ ಆ ಗುಂಪುಗಳೆಲ್ಲ ಸೇರಿದರೂ ಗ್ರಂಥಿಯ ತೂಕದಲ್ಲಿ ಶೇಕಡಾ 1–2ರಷ್ಟೇ.

ಸಕ್ಕರೆ ಏರಿದ್ದು ಬೀಟಾ ಕೋಶಕ್ಕೆ ತಿಳಿಯುವುದು ಹೇಗೆ? ನಾಲಿಗೆಗಾದರೆ ಸಿಹಿ ತಾಗಿದರೆ ಸಾಕು. ಬೀಟಾ ಕೋಶ ಗ್ಲೂಕೋಸನ್ನು ಒಳಗೆ ಬರಮಾಡಿಕೊಂಡು ಸುಟ್ಟು ನೋಡುತ್ತದೆ. ಇದಕ್ಕೆ ಒಳ್ಳೆಯ ಪುರಾವೆ ಬೆಣ್ಣೆಹಣ್ಣಿನಲ್ಲಿರುವ ಮ್ಯಾನೋಹೆಪ್ಟುಲೋಸ್ ಎಂಬ ಸಕ್ಕರೆ. ಪ್ರಯೋಗಾಲಯದಲ್ಲಿ ಅದನ್ನು ಬೀಟಾ ಕೋಶಗಳಿಗೆ ಬೆರೆಸಿದರೆ ಗ್ಲೂಕೋಸ್ ಉರಿಯುವ ಮೊದಲ ಹೆಜ್ಜೆಯೇ ನಿಲ್ಲುತ್ತದೆ. ಆಗ ಸುತ್ತಲೂ ಎಷ್ಟೇ ಗ್ಲೂಕೋಸ್ ಇರಲಿ, ಇನ್ಸುಲಿನ್ ಹೊರಬರುವುದಿಲ್ಲ.

ಆ ಮೊದಲ ಹೆಜ್ಜೆ ಗ್ಲೂಕೋಕೈನೇಸ್ ಎಂಬ ಕಿಣ್ವದ್ದು. ಸ್ನಾಯುವಿನಲ್ಲಿ ಇದೇ ಕೆಲಸ ಮಾಡುವ ಕಿಣ್ವ ಚೂರು ಗ್ಲೂಕೋಸ್ ಸಿಕ್ಕರೂ ಪೂರ್ತಿ ವೇಗದಲ್ಲಿ ದುಡಿಯುತ್ತದೆ. ಗ್ಲೂಕೋಕೈನೇಸ್ ಹಾಗಲ್ಲ, ರಕ್ತದ ಸಕ್ಕರೆ 90 ದಾಟಿ ಏರಿದಂತೆ ಅದರ ವೇಗವೂ ಏರುತ್ತದೆ. ಆದ್ದರಿಂದ ಒಳಗೆ ಎಷ್ಟು ಉರಿಯುತ್ತಿದೆ ಎನ್ನುವುದೇ ಹೊರಗೆ ಎಷ್ಟಿದೆ ಎನ್ನುವುದರ ಅಳತೆ.

ಉರಿದ ಗ್ಲೂಕೋಸಿನಿಂದ ಮೈಟೊಕಾಂಡ್ರಿಯಗಳು ಎಟಿಪಿ ಎಂಬ ಶಕ್ತಿಯ ಅಣುವನ್ನು ತಯಾರಿಸುತ್ತವೆ. ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಕಿಂಡಿಗಳಿವೆ. ಎಟಿಪಿ ಹೆಚ್ಚಿದರೆ ಅವು ಮುಚ್ಚಿಕೊಳ್ಳುತ್ತವೆ. ಗ್ಲೂಕೋಸ್ ಕೊಟ್ಟಾಗ ಈ ಕಿಂಡಿ ಮುಚ್ಚುವುದನ್ನು 1984ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ಫ್ರಾನ್ಸಿಸ್ ಆಶ್‌ಕ್ರಾಫ್ಟ್. ಪೊಟ್ಯಾಸಿಯಂ ಒಳಗೇ ಉಳಿದಾಗ ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಕಿಂಡಿ ತೆರೆಯುತ್ತದೆ. ಒಳನುಗ್ಗಿದ ಕ್ಯಾಲ್ಸಿಯಂ ತಾಗುತ್ತಲೇ ಇನ್ಸುಲಿನ್ ತುಂಬಿದ ಚೀಲಗಳು ಪೊರೆಗೆ ಅಂಟಿ ಒಡೆಯುತ್ತವೆ.

ಹೊರಬಂದ ಇನ್ಸುಲಿನ್ ಇಡೀ ಮೈಯ ಇಂಧನವನ್ನೇ ಬದಲಾಯಿಸುತ್ತದೆ. ಸ್ನಾಯು ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ, ಯಕೃತ್ತು ಕೂಡಿಡುತ್ತದೆ, ಕೊಬ್ಬು ಕರಗುವುದು ನಿಲ್ಲುತ್ತದೆ. ರಾತ್ರಿ ಇನ್ಸುಲಿನ್ ಇಳಿದಾಗ ಕೊಬ್ಬು ಮತ್ತೆ ಉರಿಯತೊಡಗುತ್ತದೆ. ಓಡುವಾಗ ಅಡ್ರಿನಲಿನ್ ಬೀಟಾ ಕೋಶದ ಕೈ ಹಿಡಿದು ನಿಲ್ಲಿಸಿದರೂ ಸ್ನಾಯುಗಳಿಗೆ ಗ್ಲೂಕೋಸ್ ಸಿಗುತ್ತದೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆ ಅದನ್ನು ಎಳೆದುಕೊಳ್ಳಬಲ್ಲದು.

ಸಕ್ಕರೆ ಕಾಯಿಲೆಗೆ ಎಷ್ಟೋ ಮನೆಗಳಲ್ಲಿ ನುಂಗುವ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳು ಹಿಡಿಯುವುದು ಇದೇ ಪೊಟ್ಯಾಸಿಯಂ ಕಿಂಡಿಯನ್ನು. ಏನೂ ಉರಿಯದಿದ್ದರೂ ಅವು ಅದನ್ನು ಮುಚ್ಚುತ್ತವೆ. ಮಾತ್ರೆ ನುಂಗಿ ಊಟ ತಪ್ಪಿಸಿದವರಿಗೆ ಸಕ್ಕರೆ ಕುಸಿದು ಬೆವರು, ನಡುಕ ಬರುವುದು ಇದರಿಂದಲೇ. ಈ ಮಾತನ್ನು ಔಷಧ ಚೀಟಿಯ ಜೊತೆಯಲ್ಲೇ ಬಿಡಿಸಿ ಹೇಳಬೇಕು ಎಂದು ನನಗನ್ನಿಸುತ್ತದೆ.

ಏನೂ ಉರಿಯದಿದ್ದರೂ ಕಿಂಡಿ ಮುಚ್ಚುವ ಅದೇ ಗುಣ ಇನ್ನೊಂದೆಡೆ ವರವಾಗಿದೆ. ಹುಟ್ಟಿದ ಮೊದಲ ತಿಂಗಳುಗಳಲ್ಲೇ ಮಧುಮೇಹ ಬರುವ ಕೆಲವು ಕೂಸುಗಳಲ್ಲಿ ಈ ಕಿಂಡಿಯ ಜೀನ್ ಕೆಟ್ಟಿರುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ಅವರಲ್ಲಿ ಗ್ಲೂಕೋಸ್ ಉರಿಯುತ್ತದೆ, ಎಟಿಪಿಯೂ ಏರುತ್ತದೆ, ಕಿಂಡಿ ಮಾತ್ರ ತೆರೆದೇ ಇರುತ್ತದೆ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ 49 ಮಂದಿಗೆ ಈ ಗುಂಪಿನ ಮಾತ್ರೆ ಕೊಟ್ಟು ನೋಡಿದರು. 44 ಮಂದಿ ಇನ್ಸುಲಿನ್ ಚುಚ್ಚುಮದ್ದನ್ನು ಬಿಟ್ಟರು.