ನಾಗಮಲೆಯ ದಾರಿಯ ಊರುಗಳು

ಹಿಮವತ್ಪರ್ವತದ ಯಾತ್ರೆಯನ್ನು ಮುಗಿಸಿಕೊಂಡು ಬಂದ ಮಿತ್ರರೊಬ್ಬರು ಮೊನ್ನೆ ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿ, ಬದರೀನಾಥದಿಂದ ಮುಂದಕ್ಕಿರುವ ಮಾಣಾ ಎಂಬ ಗ್ರಾಮದ ವರ್ಣನೆಯಲ್ಲಿಯೇ ಒಂದು ಗಂಟೆಯನ್ನು ಕಳೆದರು. ಹತ್ತು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿ, ಟಿಬೆಟ್ಟಿನ ಗಡಿಗೆ ಸಮೀಪವಾಗಿರುವ ಈ ಗ್ರಾಮವನ್ನು ಬಹುಕಾಲ ಭಾರತದ ಕಡೆಯ ಊರೆಂದು ಕರೆಯುತ್ತಿದ್ದರು. ೨೦೨೩ರಲ್ಲಿ ಆ ಮಾತನ್ನು ತಿದ್ದಿ, ಮೊದಲನೆಯ ಊರೆಂದು ಫಲಕವನ್ನು ನಿಲ್ಲಿಸಿದರು. ಅಲ್ಲಿಯ ಕಲ್ಲುಮನೆಗಳು, ಉಣ್ಣೆಯ ಕೆಲಸ ಮಾಡುವ ಹೆಂಗಸರು, ಸರಸ್ವತೀ ನದಿಯ ಮೇಲೆ ಭೀಮಸೇನನು ಇಟ್ಟನೆಂದು ಹೇಳುವ ಬಂಡೆಯ ಸೇತುವೆ, ಇವೆಲ್ಲವನ್ನೂ ಮಿತ್ರರು ಕಣ್ಣಿಗೆ ಕಟ್ಟುವಂತೆ ಹೇಳಿದರು. ಕೇಳಿ ಸಂತೋಷಪಟ್ಟ ನಾವು, "ನಾಗಮಲೆಯನ್ನು ನೋಡಿರುವಿರೋ?" ಎಂದು ಪ್ರಶ್ನಿಸಿದೆವು. "ಅದೆಲ್ಲಿದೆ?" ಎಂದರು. ಅವರು ಕೊಳ್ಳೇಗಾಲದಲ್ಲಿ ಹುಟ್ಟಿ ಅಲ್ಲಿಯೇ ಬೆಳೆದವರು!

ಅವರೊಬ್ಬರನ್ನೇ ಆಕ್ಷೇಪಿಸುವುದು ನ್ಯಾಯವಲ್ಲ. ಶಿವರಾತ್ರಿ ಸಮೀಪಿಸಿತೆಂದರೆ ಕನಕಪುರ ರಾಮನಗರಗಳ ಕಡೆಯ ಜನರು ಸಂಗಮದ ಬಳಿ ಕಾವೇರಿಯನ್ನು ದಾಟಿ, ಕಾಡುಹಾದಿಯಿಂದ ಶಾಗ್ಯ, ಹನೂರುಗಳ ಕಡೆಗೆ ಬಂದು, ಕೌದಳ್ಳಿಯನ್ನು ಹಾಯ್ದು, ತಾಳಬೆಟ್ಟದಿಂದ ಬರಿಗಾಲಿನಲ್ಲಿ ಮಲೆಯನ್ನು ಹತ್ತುವರು. "ಉಘೇ ಮಾದಪ್ಪ" ಎಂಬ ಘೋಷವು ಹಗಲಿರುಳೂ ನಿಲ್ಲುವುದಿಲ್ಲ. ಈ ಲಕ್ಷೋಪಲಕ್ಷ ಭಕ್ತರಲ್ಲಿ ಬಹುಮಂದಿಗೆ ಯಾತ್ರೆಯು ದೇವಸ್ಥಾನದ ಬಾಗಿಲಿಗೆ ಮುಗಿಯುತ್ತದೆ. ಮಾದಪ್ಪನ ಎಪ್ಪತ್ತೇಳು ಮಲೆಗಳೆಂದು ಎಲ್ಲರೂ ಹಾಡುವರು. ನೋಡಿದವರ ಲೆಕ್ಕಕ್ಕೆ ಒಂದೇ ಮಲೆ.

ದೇವಸ್ಥಾನದ ಊರೇ ಸುಮಾರು ೩೦೦೦ ಅಡಿಗಳ ಎತ್ತರದಲ್ಲಿದೆ. ಅಲ್ಲಿಂದ ಬೆಟ್ಟದ ಸಾಲಿನ ಒಳಕ್ಕೆ ಹನ್ನೆರಡು ಹದಿನಾಲ್ಕು ಕಿಲೋಮೀಟರು ದೂರದಲ್ಲಿ ನಾಗಮಲೆ. ಹಾದಿಯ ನಡುವೆ ಇಂಡಿಗನತ್ತವೆಂಬ ಊರು. ಆಚೆ ಈಚೆ ತುಳಸಿಕೆರೆ, ಮೆದಗನಾಣೆ, ಪಡಸಲನತ್ತ, ತೇಕಣೆ. ಇಂಡಿಗನತ್ತದ ತನಕ ಕಲ್ಲುಮಣ್ಣಿನ ಜಾಡಿನಲ್ಲಿ ಜೀಪುಗಳು ತೂಗಾಡುತ್ತ ಹೋಗುತ್ತವೆ. ಬೆನ್ನೆಲುಬಿನ ಮೇಲೆ ವಿಶ್ವಾಸವುಳ್ಳವರು ಅವುಗಳಲ್ಲಿ ಕೂರಬಹುದು; ನಾವಂತೂ ನಡೆಯುವುದೇ ಲೇಸೆಂದು ನಡೆದೆವು.

ಸೂರ್ಯೋದಯಕ್ಕೆ ಮುಂಚೆ ಹೊರಟರೆ ಮೊದಲ ಏರಿನಲ್ಲಿಯೇ ಬೆಳಕು ಹರಿಯುತ್ತದೆ. ಕೆಳಗಿನ ಕಣಿವೆಗಳಲ್ಲಿ ಮಂಜು ಕೆನೆಗಟ್ಟಿ ನಿಂತಿರುತ್ತದೆ. ಅದರ ಮೇಲೆ ಒಂದರ ಹಿಂದೊಂದು ಬೆಟ್ಟದ ತಲೆಗಳು ಮಾತ್ರ ಕಾಣುವುವು. ದಾರಿಯ ಇಕ್ಕೆಲದಲ್ಲಿಯೂ ಎಲೆ ಉದುರಿಸುವ ಜಾತಿಯ ಕಾಡು. ಬಿದಿರು, ಹುಣಿಸೆ, ಬೆಟ್ಟದ ನೆಲ್ಲಿ. ಅದರ ಬುಡದಲ್ಲೆಲ್ಲ ಹೊರದೇಶದಿಂದ ಬಂದು ನೆಲವನ್ನೇ ಆಕ್ರಮಿಸಿರುವ ಲಂಟಾನದ ಪೊದೆ. ಈ ಪೀಡೆಯ ಕಡ್ಡಿಯನ್ನೇ ಬೇಯಿಸಿ, ಸಿಪ್ಪೆ ಸುಲಿದು, ಕುರ್ಚಿ ಮೇಜುಗಳನ್ನು ಹೆಣೆಯುವ ವಿದ್ಯೆಯನ್ನು ಈ ಬೆಟ್ಟದ ಸೋಲಿಗರು ಕಲಿತಿರುವರೆಂಬುದನ್ನು ಪಟ್ಟಣಿಗರು ಅರಿಯಬೇಕು. ಮನೆಗೆ ಕುರ್ಚಿ ಬೇಕಾದವರು ಒಮ್ಮೆ ಇವರ ಕೈಕೆಲಸವನ್ನು ನೋಡಲಿ.

ಇಂಡಿಗನತ್ತದ ನಿವಾಸಿಗಳು ಬೇಡಗಂಪಣರು. ಮಾದಪ್ಪನ ಪೂಜೆಯ ಹಕ್ಕು ಇವರ ಕುಲದ್ದು. ದೀಪಾವಳಿಯಲ್ಲಿ ಇವರ ಮನೆಗಳ ೧೦೧ ಕನ್ಯೆಯರು ಉಪವಾಸವಿದ್ದು, ದೂರದ ಹಾಲರವಿ ಹಳ್ಳಕ್ಕೆ ನಡೆದುಹೋಗಿ, ಕಾಡಿನ ನಡುವೆ ನೀರು ಹೊತ್ತು ತಂದು ಸ್ವಾಮಿಗೆ ಅಭಿಷೇಕ ಮಾಡಿಸುವರು. ಮಾದಪ್ಪನ ಕಥೆಯಲ್ಲಿ ಹುಲಿಯೇ ವಾಹನ. ಸೋಲಿಗರ ಸಂಕಮ್ಮನಿಗೆ ವರ. ಕುಂತೂರು ಮಠದಲ್ಲಿ ರಾಗಿ ಬೀಸಿದ ಪವಾಡ. ದೇವರು ರಾಗಿ ಬೀಸಿದನೆಂದು ಹಾಡುವ ಸೀಮೆಯನ್ನು ಬೇರೆಲ್ಲಿ ಕಂಡೇವು? ಕಂಸಾಳೆಯವರು ಇಡೀ ರಾತ್ರಿ ಹಾಡಿದರೂ ಮುಗಿಯದ ಈ ಕಾವ್ಯದ ಹಳ್ಳ, ಬಂಡೆ, ದೊಣೆಗಳು ಕಾಲಿನ ಕೆಳಗೇ ಸಿಕ್ಕುವುದು ಈ ದಾರಿಯ ವಿಶೇಷ.

ಊರನ್ನು ದಾಟಿದ ಮೇಲೆ ಹಾದಿ ಕಡಿದಾಗುತ್ತದೆ. ಉಸಿರು ಕಟ್ಟಿ, ಬೆವರು ಸುರಿದು, ಇನ್ನು ಹಿಂದಿರುಗೋಣವೆಂದು ಮನಸ್ಸು ಮಾಡುವ ಹೊತ್ತಿಗೆ ನಾಗಮಲೆ ಕಾಣಿಸುವುದು. ನಾಗರಹಾವು ಹೆಡೆಯೆತ್ತಿದಂತೆ ತಾನಾಗಿ ನಿಂತ ಬಂಡೆ. ಅದರ ನೆರಳಿನಲ್ಲಿ ಲಿಂಗ. ಶಿಲ್ಪಿಯ ಉಳಿ ಮುಟ್ಟಿದ್ದಲ್ಲ. ತಮಿಳುನಾಡಿನ ಕಡೆಗೆ ಮುಖಮಾಡಿ ಕುಳಿತರೆ ಗಡಿಯೆಂಬುದು ಎಲ್ಲಿಯೂ ತೋರದೆ, ನೀಲಿಯ ಬೆಟ್ಟಗಳು ಆಕಾಶದಲ್ಲಿ ಕರಗುವ ತನಕ ಹಬ್ಬಿವೆ. ಗಾಳಿಯ ಸದ್ದಲ್ಲದೆ ಮತ್ತೇನೂ ಇಲ್ಲ.

ಮಳೆಗಾಲ ಮುಗಿದ ಮೇಲೆ, ಕಾರ್ತಿಕದಿಂದ ಪುಷ್ಯದ ತನಕ ಹೋಗುವುದು ಉತ್ತಮ. ಬೇಸಗೆಯಲ್ಲಿ ಕಾಡ್ಗಿಚ್ಚಿನ ಭಯವುಂಟು. ಅರಣ್ಯ ಇಲಾಖೆಯ ಅನುಮತಿ ಅವಶ್ಯಕ. ೨೦೨೪ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಮುಗಿಬಿದ್ದ ತರುವಾಯ ಸರ್ಕಾರವು ಇಂಥ ಚಾರಣಗಳಿಗೆ ಕಟ್ಟುಪಾಡು ವಿಧಿಸಿತು. ಆದುದರಿಂದ ಹೊರಡುವ ಮುನ್ನ ವಿಚಾರಿಸತಕ್ಕದ್ದು. ಪ್ಲಾಸ್ಟಿಕ್ ಬಾಟಲಿಯನ್ನು ದೇವರ ಬೆಟ್ಟದಲ್ಲಿ ಬಿಸುಟು ಬರುವವರು ತಮ್ಮ ಊರಿನಲ್ಲಿಯೇ ಇದ್ದರೆ ಯಾರಿಗೂ ನಷ್ಟವಿಲ್ಲ.

ಇಷ್ಟನ್ನು ಬರೆದು ನಿಲ್ಲಿಸಬಹುದಾಗಿತ್ತು. ಆದರೆ ಇಳಿಯುವಾಗ ಒಂದು ಜಗಲಿಯ ಮೇಲೆ ಕುಳ್ಳಿರಿಸಿ ಮಜ್ಜಿಗೆ ಕೊಟ್ಟ ಮುದುಕರ ಮಾತು ನಮ್ಮನ್ನು ಬಿಡಲೊಲ್ಲದು. ಊರು ಎಷ್ಟು ಶಾಂತವಾಗಿದೆಯೆಂದು ನಾವು ಹೊಗಳಲು ಅವರು ನಕ್ಕು, "ನೀವು ಒಂದು ದಿನ ಬತ್ತೀರಿ, ಚೆಂದಾಗದೆ ಅಂತ ಹೋಯ್ತೀರಿ ಸ್ವಾಮಿ. ಕಾಯಿಲೆ ಬಿದ್ದವರ್ನ ಹೊತ್ಕಂಡು ಇಳಿಯೋರು ನಾವು" ಎಂದರು.

ಇದು ಬರಿಯ ಮಾತಲ್ಲ. ಇದೇ ಬೆಟ್ಟಗಳ ದೊಡ್ಡಾಣೆಯೆಂಬ ಊರಿನಲ್ಲಿ ೨೦೨೨ರಲ್ಲಿ ಗರ್ಭಿಣಿಯೊಬ್ಬಳಿಗೆ ನೋವು ಕಾಣಿಸಿದಾಗ, ಊರ ಹೆಂಗಸರೇ ಡೋಲಿ ಕಟ್ಟಿ, ಆನೆ ತಿರುಗುವ ಕಾಡಿನಲ್ಲಿ ರಾತ್ರಿಯೆಲ್ಲ ಹೊತ್ತು ಸುಳ್ವಾಡಿಯ ಆಸ್ಪತ್ರೆಗೆ ತಲಪಿಸಿದರು. ೨೦೨೪ರ ಏಪ್ರಿಲ್ ೨೬ರಂದು ಲೋಕಸಭೆಯ ಚುನಾವಣೆಯ ದಿವಸ ಇಂಡಿಗನತ್ತದ ಸುತ್ತಣ ಗ್ರಾಮದವರು ರಸ್ತೆ, ನೀರು, ವಿದ್ಯುತ್ತಿಲ್ಲದೆ ಮತವಿಲ್ಲವೆಂದು ನಿಂತರು. ಮನವೊಲಿಸುವ ಯತ್ನವು ಗಲಭೆಗೆ ತಿರುಗಿ, ಮತಯಂತ್ರವು ಒಡೆದು, ಅಧಿಕಾರಿಗಳು ಪೆಟ್ಟು ತಿಂದರು. ನೆರೆಯ ಮೆಂದಾರೆಯ ಸೋಲಿಗರು ಮತ ಕೊಡಲು ಬಂದುದಕ್ಕಾಗಿ ಅವರ ಮೇಲೂ ಕೈಮಾಡಲಾಯಿತು. ಮೂರು ದಿನಗಳ ಅನಂತರ ಮರುಮತದಾನ ನಡೆದಾಗ ಮೊಕದ್ದಮೆಯ ಭಯದಿಂದ ಊರೇ ಬರಿದಾಗಿತ್ತು. ಯಂತ್ರ ಒಡೆದುದನ್ನು, ಬಡ ಸೋಲಿಗರನ್ನು ಹೊಡೆದುದನ್ನು ನಾವು ಖಂಡಿಸುತ್ತೇವೆ. ಆದರೆ ಸ್ವರಾಜ್ಯ ಬಂದು ಮುಕ್ಕಾಲು ಶತಮಾನ ಕಳೆದ ಮೇಲೂ ಮತವೊಂದನ್ನು ಬಿಟ್ಟು ಬೇರೆ ಆಯುಧವು ಈ ಜನರ ಕೈಯಲ್ಲಿ ಏಕೆ ಉಳಿದಿರಲಿಲ್ಲವೆಂಬುದನ್ನು ಖಂಡಿಸುವವರು ವಿಚಾರಿಸಬೇಡವೆ?

ಈ ಸೀಮೆಯ ದುರ್ದೈವವು ಹಳೆಯದು. ೧೯೫೬ರ ತನಕ ಕೊಳ್ಳೇಗಾಲವು ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ಒಂದು ಮೂಲೆ. ಮದರಾಸಿಗೆ ಕನ್ನಡದ ಕಾಡು. ಮೈಸೂರಿಗೆ ಪರರ ನೆಲ. ಮುಂದೆ ವೀರಪ್ಪನ್ ಕಾಲ ಬಂದಿತು. ಪೊಲೀಸರ ಭಯ ಒಂದು ಕಡೆ, ಅವನ ಭಯ ಒಂದು ಕಡೆ. ೨೦೦೪ರಲ್ಲಿ ಅವನು ಸಾಯುವವರೆಗೆ ಪ್ರಯಾಣಿಕರಾರೂ ಒಳಕ್ಕೆ ಕಾಲಿಡಲಿಲ್ಲ. ಅಂಥ ದಿನಗಳಲ್ಲಿಯೂ ಅರಣ್ಯಾಧಿಕಾರಿ ಪಿ. ಶ್ರೀನಿವಾಸರು ಗೋಪಿನಾಥದಲ್ಲಿ ಜನರ ನಡುವೆ ನಿಂತು, ಮನೆ ಕಟ್ಟಿಸಿ, ಗುಡಿ ಕಟ್ಟಿಸಿ, ೧೯೯೧ರ ನವೆಂಬರಿನಲ್ಲಿ ವೀರಪ್ಪನಿಂದ ಹತರಾದರು. ಇಂದಿಗೂ ಆ ಊರಿನವರು ಅವರನ್ನು ಪೂಜಿಸುವರು. ಸರ್ಕಾರಿ ನೌಕರನೊಬ್ಬನಿಗೆ ಕಾಡಿನ ಜನರು ತೋರುವ ಈ ಭಕ್ತಿಯನ್ನು ಅಧಿಕಾರಿ ಮಹಾಶಯರು ಲಕ್ಷ್ಯಕ್ಕೆ ತಂದುಕೊಳ್ಳಲೆಂದು ಪ್ರಾರ್ಥಿಸುತ್ತೇವೆ.

೨೦೧೩ರಲ್ಲಿ ೯೦೬ ಚದರ ಕಿಲೋಮೀಟರು ಕಾಡು ವನ್ಯಜೀವಿಧಾಮವಾಯಿತು. ರಸ್ತೆಗೆ ಕಾಯಿದೆ ಅಡ್ಡವೆಂಬ ಉತ್ತರವು ಅಂದಿನಿಂದ ಬಲವಾಯಿತು. ಕಾಡು ಬೇಡವೆಂದು ನಾವು ಹೇಳುವುದಿಲ್ಲ. ೨೦೨೫ರ ಜೂನಿನಲ್ಲಿ ಹೂಗ್ಯದ ವಲಯದಲ್ಲಿ ವಿಷವಿಟ್ಟ ಹಸುವಿನ ಮಾಂಸ ತಿಂದು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತ ಸುದ್ದಿಯನ್ನು ಓದಿ ನಮ್ಮ ಕರುಳು ಕಿವುಚಿತು. ಹುಲಿವಾಹನನ ಮಲೆಯಲ್ಲಿ ಇಂಥದು ನಡೆಯಬಾರದಿತ್ತು. ಆದರೆ ಕಾಯಿದೆಯ ಪುಸ್ತಕವನ್ನು ಪೂರ್ತಿಯಾಗಿ ಓದುವುದೊಳಿತು. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯ ಮೂರನೆಯ ಪ್ರಕರಣದಲ್ಲಿ, ಗ್ರಾಮಸಭೆಯ ಶಿಫಾರಸಿನ ಮೇಲೆ ಶಾಲೆ, ಔಷಧಾಲಯ, ಕುಡಿಯುವ ನೀರು, ರಸ್ತೆ ಮುಂತಾದುವಕ್ಕೆ, ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಮೆಯಾಗಿ, ಹೆಕ್ಟೇರಿಗೆ ೭೫ ಮರಗಳನ್ನು ಮೀರದಂತೆ ಅರಣ್ಯಭೂಮಿಯನ್ನು ಕೊಡಬಹುದೆಂದು ಸ್ಪಷ್ಟವಾಗಿ ಬರೆದಿದೆ. ಮೂರು ಮೀಟರು ಅಗಲದ ದಾರಿಗೆ ಒಂದು ಹೆಕ್ಟೇರೆಂದರೆ ಮೂರು ಕಿಲೋಮೀಟರಿಗೂ ಮೇಲಾಯಿತು. ಜೀಪಿನ ಜಾಡು ಈಗಾಗಲೇ ಇರುವ ಕಡೆ ಕಡಿಯಬೇಕಾದ ಮರಗಳೆಷ್ಟು? ಗ್ರಾಮಸಭೆಯನ್ನು ಕೂಡಿಸಿ, ದಾರಿಯನ್ನು ಅಳೆದು, ಆಗದಿದ್ದರೆ ಆಗದೆಂದಾದರೂ ಕಾರಣಸಹಿತ ಬರೆದುಕೊಡಲಿ. ಬೆಟ್ಟವನ್ನು ಬಿಟ್ಟು ಕೆಳಗೆ ಹೋಗಿ ನೆಲೆಸುವುದಕ್ಕೆ ಒಪ್ಪಿದ ಚಂಗಡಿಯಂಥ ಊರೂ ಉಂಟು. ಒಪ್ಪದವರನ್ನು ದಾರಿಯಿಲ್ಲದಂತೆ ಮಾಡಿ ಒಪ್ಪಿಸುವುದು ರಾಜಧರ್ಮವಲ್ಲ.

೨೦೨೩ರ ಮಾರ್ಚಿಯಲ್ಲಿ ಬೆಟ್ಟದ ಮೇಲೆ ೧೦೮ ಅಡಿಗಳ ಮಾದಪ್ಪನ ವಿಗ್ರಹವನ್ನು ಅನಾವರಣ ಮಾಡಿದರು. ೨೦೨೫ರ ಏಪ್ರಿಲ್ ೨೪ರಂದು ರಾಜ್ಯದ ಮಂತ್ರಿಮಂಡಲವೇ ಅಲ್ಲಿ ಸಭೆ ಸೇರಿತು. ಎರಡೂ ಸಂತೋಷವೇ. ಆ ಸಭೆಯ ಸ್ಥಳದಿಂದ ಇಂಡಿಗನತ್ತಕ್ಕೆ ಎರಡು ಗಂಟೆಯ ನಡಿಗೆ.

ನಮ್ಮ ಮಿತ್ರರು ಮುಂದಿನ ಕಾರ್ತಿಕದಲ್ಲಿ ನಾಗಮಲೆಗೆ ಬರುವೆನೆಂದು ಮಾತು ಕೊಟ್ಟಿರುವರು. ಜೀಪು ಬೇಡ, ನಡೆದೇ ಹೋಗೋಣವೆಂದು ಹೇಳಿದ್ದೇವೆ. ಮಜ್ಜಿಗೆ ಕೊಟ್ಟ ಮುದುಕರು ದುಡ್ಡು ಮುಟ್ಟಲಿಲ್ಲ. ಕೊಳ್ಳೇಗಾಲದಿಂದ ಅವರ ಮೊಣಕಾಲಿನ ನೋವಿಗೆ ಹಚ್ಚುವ ಎಣ್ಣೆಯನ್ನು ತರುವೆವೆಂದು ಒಪ್ಪಿಕೊಂಡು ಬಂದಿರುವೆವು.